ಅಂಡಾ ಸಂದಿನ ಭೀಮಣ್ಣ

ಮದರಾಸಿನ ಕೀಲ್ಪಾಕಿನ ಅಂಡಾ ಸಂದು ಎಂಬ ಗಲ್ಲಿಯಲ್ಲಿ ವಿಷ್ಣುತೀರ್ಥರು ಹುಟ್ಟಿದ್ದರು, ಅಲ್ಲಿಂದಲೇ ಮದುವೆಯಾಗಿದ್ದರು, ಅಲ್ಲಿಂದಲೇ ದಿನವೂ ಬಸ್ಸು ಹತ್ತಿ ಮೌಂಟ್ ರೋಡಿನ ವಿಮಾ ಆಫೀಸಿಗೆ ಹೋಗಿಬರುತ್ತಿದ್ದರು. ತಮ್ಮ ಸಂದಿನ ಹೆಸರಿನಲ್ಲಿ ನಾಚಿಕೆಪಡುವಂಥದ್ದೇನಾದರೂ ಇದೆಯೆಂದು ಐವತ್ತು ದಾಟುವವರೆಗೂ ಅವರಿಗೆ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದವರು ಅವರ ಹೆಂಡತಿ ಜಯಲಕ್ಷ್ಮೀಯ ಅಣ್ಣ ಕೃಷ್ಣಮೂರ್ತಿ.

ಕೃಷ್ಣಮೂರ್ತಿ ಬ್ಯಾಂಕ್ ಮ್ಯಾನೇಜರಾಗಿ ನಾಗಪುರ, ಕಾನ್ಪುರ, ಝಾನ್ಸಿ ಎಂದು ಉತ್ತರದಲ್ಲೇ ಸುತ್ತಿ, ನಿವೃತ್ತರಾಗಿ ಮದರಾಸಿಗೆ ಮರಳಿದವರು. ಬರುವಾಗ ಹಿಂದಿಯನ್ನೂ ನಾಲ್ಕು ಜನರ ಮುಂದೆ ಒಬ್ಬರ ಕಾಲೆಳೆಯುವ ಅಭ್ಯಾಸವನ್ನೂ ತಂದಿದ್ದರು. 2006ರ ದೀಪಾವಳಿ ಕಳೆದ ಮೇಲೆ ವಿಷ್ಣುತೀರ್ಥರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾಯಿತು. ಊಟದ ಪಂಕ್ತಿಯಲ್ಲಿ ಹುಳಿ ಬಡಿಸುತ್ತಿರುವಾಗ ಕೃಷ್ಣಮೂರ್ತಿ ಗಂಟಲು ಸರಿಮಾಡಿಕೊಂಡರು.

"ವಿಷ್ಣುತೀರ್ಥ ಅವರೇ, ಅಂಡಾ ಅಂದ್ರೆ ಹಿಂದಿಯಲ್ಲಿ ಏನು ಗೊತ್ತೇನು?"

"ಗೊತ್ತಿಲ್ಲ ಭಾವ."

"ಮೊಟ್ಟೆ! ಈರುಳ್ಳೀನೂ ಒಳಗೆ ಬಿಡದ ಮಾಧ್ವರ ಮನೆ, ಇರೋದು ಮೊಟ್ಟೆ ಗಲ್ಲಿ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪುರೋಹಿತರಿಗೆ ಹುಳಿ ನೆತ್ತಿಗೇರಿತು. ಮನೆಯ ಯಜಮಾನರಾದ ವಿಷ್ಣುತೀರ್ಥರಿಗೆ ನಗಲೂ ಆಗಲಿಲ್ಲ, ನಗದೆ ಇರಲೂ ಆಗಲಿಲ್ಲ.

"ತಮಿಳಲ್ಲಿ ಅಂಡಾ ಅಂದ್ರೆ ದೊಡ್ಡ ಪಾತ್ರೆ ಭಾವ. ನಮ್ಮ ಕನ್ನಡದ ಹಂಡೆಯೇ ಇಲ್ಲಿಗೆ ಬಂದು ಹಕಾರ ಕಳಕೊಂಡು ಅಂಡಾ ಆಗಿದೆ."

"ಹಾಗಂತ ಎಲ್ಲಿ ಬರೆದಿದೆ?"

"ಬರೆದಿರೋದು ಅಂತ ಎಲ್ಲೂ ಇಲ್ಲ…"

"ಬರೆದಿಲ್ಲ ಅಂದ್ಮೇಲೆ ಮೊಟ್ಟೇನೇ" ಎಂದು ತೀರ್ಪು ಕೊಟ್ಟು ಕೃಷ್ಣಮೂರ್ತಿ ಅನ್ನಕ್ಕೆ ಕೈಯೊಡ್ಡಿದರು.

ಆ ಮಾತು ವಿಷ್ಣುತೀರ್ಥರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಮನೆಯಲ್ಲಿ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಅದು ಮಗಳು ಸುಮೇಧಾಗಾಗಿ ಹಾಕಿಸಿದ್ದು. ಅವಳು ಮದರಾಸಿನ ಬೀದಿಗಳಿಗೆ ಹೆಸರು ಹೇಗೆ ಬಂತು ಎಂಬ ವಿಷಯದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಹಗಲೆಲ್ಲ ಎಗ್ಮೂರಿನ ದಾಖಲೆಗಳ ಕಚೇರಿಯಲ್ಲಿ ಧೂಳು ಕುಡಿಯುತ್ತಿದ್ದಳು. ಅವಳಿಲ್ಲದ ಒಂದು ಶನಿವಾರ ವಿಷ್ಣುತೀರ್ಥರು ಕಂಪ್ಯೂಟರ್ ಮುಂದೆ ಕೂತು ಕೀಲ್ಪಾಕ್ ಎಂದು ಬರೆದು ಹುಡುಕಿದರು. ಒಂದು ವಿಶ್ವಕೋಶದ ಪುಟ ತೆರೆದುಕೊಂಡಿತು. ಅದರಲ್ಲಿ ಆಸ್ಪತ್ರೆಯಿತ್ತು, ಕಾಲೇಜಿತ್ತು, ನೀರಿನ ಟ್ಯಾಂಕಿತ್ತು. ಅಂಡಾ ಸಂದು ಇರಲಿಲ್ಲ. ಆದರೆ ಪುಟದ ಮೇಲ್ಗಡೆ 'ಎಡಿಟ್' ಎಂಬ ಪದವಿತ್ತು. ಒತ್ತಿದರೆ ಅಕ್ಷರಗಳೆಲ್ಲ ಒಂದು ಡಬ್ಬಿಯೊಳಗೆ ಬಂದು ಕೂತವು, ಕೆಳಗೆ 'ಸೇವ್' ಎಂಬ ಗುಂಡಿ ಬಂತು.

ಇಲ್ಲಿ ವಿಷ್ಣುತೀರ್ಥರ ಕಂಪ್ಯೂಟರ್ ಜ್ಞಾನದ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ಆಫೀಸಿನಲ್ಲಿ ಒಂದು ಯಂತ್ರದಲ್ಲಿ ಸೇವ್ ಮಾಡಿದ್ದು ಪಕ್ಕದ ಮೇಜಿನ ಯಂತ್ರಕ್ಕೆ ಹೋಗಬೇಕಾದರೆ ಪ್ಯೂನ್ ಫ್ಲಾಪಿ ಹಿಡಿದು ನಡೆಯಬೇಕಿತ್ತು. ಆದ್ದರಿಂದ ಸೇವ್ ಎಂದರೆ 'ಈ ಪೆಟ್ಟಿಗೆಯೊಳಗೆ ಇಟ್ಟುಕೋ' ಎಂದರ್ಥ. ಅದು ಗೋದ್ರೇಜ್ ಬೀರುವಿನಲ್ಲಿ ಬಟ್ಟೆ ಇಟ್ಟ ಹಾಗೆ ಎಂಬುದರಲ್ಲಿ ಅವರಿಗೆ ಲವಲೇಶ ಸಂಶಯವಿರಲಿಲ್ಲ. ವಿಶ್ವಕೋಶದ ಒಂದು ಪ್ರತಿ ತಮ್ಮ ಮನೆಗೆ ಬಂದಿದೆ, ಅದರಲ್ಲಿ ತಾವು ಒಂದು ಸಾಲು ಸೇರಿಸಿಕೊಂಡರೆ ಅದು ತಮ್ಮ ಮನೆಯ ಮಟ್ಟಿಗಿನ ವ್ಯವಹಾರ ಎಂದು ಅವರ ಲೆಕ್ಕ.

ವಿಮಾ ಆಫೀಸಿನ ಗಂಭೀರ ಇಂಗ್ಲಿಷಿನಲ್ಲಿ ಅವರು ಬರೆದದ್ದರ ಸಾರಾಂಶ ಇದು: ಅಂಡಾ ಸಂದಿನ ಹೆಸರು ಕನ್ನಡದ ಹಂಡೆ ಎಂಬ ಮಾತಿನಿಂದ ಬಂದಿದೆ. ಹಿಂದೆ ಬರಗಾಲದಲ್ಲಿ ಭೀಮಣ್ಣನೆಂಬ ಕನ್ನಡದ ಅಡುಗೆಯವನು ಈ ಸ್ಥಳದಲ್ಲಿ ಹಂಡೆಗಟ್ಟಲೆ ಗಂಜಿ ಬೇಯಿಸಿ ಹಸಿದವರಿಗೆ ಬಡಿಸಿ ಕೀರ್ತಿಶೇಷನಾದನು. ಭೀಮಣ್ಣನೇ ಏಕೆಂದರೆ, ವಿರಾಟನ ಅರಮನೆಯಲ್ಲಿ ಅಡುಗೆ ಮಾಡಿದವನ ಹೆಸರು ಬಿಟ್ಟು ಬೇರೆ ಹೆಸರು ಅವರಿಗೆ ತೋಚಲಿಲ್ಲ.

ಭಾನುವಾರ ಕೃಷ್ಣಮೂರ್ತಿಯನ್ನು ಕರೆಸಿ ಕಂಪ್ಯೂಟರ್ ಮುಂದೆ ಕೂರಿಸಿದರು. ಕೃಷ್ಣಮೂರ್ತಿ ಕನ್ನಡಕ ಒರೆಸಿ ಓದಿದರು. ಇನ್ನೊಮ್ಮೆ ಓದಿದರು.

"ಹೌದಲ್ಲ, ಬರೆದಿದೆ" ಎಂದರು ಸಣ್ಣ ದನಿಯಲ್ಲಿ. ಅವತ್ತು ಅವರು ಎರಡನೆಯ ಸಲ ಪಾಯಸ ಬೇಡವೆಂದರು. ಜಯಲಕ್ಷ್ಮೀಗೆ ಅಣ್ಣನ ಆರೋಗ್ಯದ ಚಿಂತೆ ಹತ್ತಿತು. ವಿಷ್ಣುತೀರ್ಥರು ಮಾತ್ರ ಎದೆಯ ಮುಳ್ಳು ಕಿತ್ತುಹೋದ ನೆಮ್ಮದಿಯಲ್ಲಿ ಮಧ್ಯಾಹ್ನವೆಲ್ಲ ಗೊರಕೆ ಹೊಡೆದರು. ಬರೆದದ್ದನ್ನು ಮರುದಿನ ಅಳಿಸಬೇಕೆಂದಿದ್ದರು. ಆದರೆ ಸುಮೇಧಾ ಆ ವಾರವಿಡೀ ಕಂಪ್ಯೂಟರ್ ಬಿಟ್ಟು ಏಳಲಿಲ್ಲ, ಆಮೇಲೆ ಅವರಿಗೆ ಮರೆತೇಹೋಯಿತು.

ಪೊಂಗಲ್ ಕಳೆದ ಮೇಲೆ ಒಂದು ಸಂಜೆ ವಿಘ್ನೇಶ್ ಏದುಸಿರು ಬಿಡುತ್ತ ಬಂದ. ಅವನು ಅಂಡಾ ಸಂದಿನ ನಿವಾಸಿಗಳ ಸಂಘದ ಕಾರ್ಯದರ್ಶಿ. ಕೊಳಾಯಿಯಲ್ಲಿ ನೀರು ಬಂದರೂ ಬರದಿದ್ದರೂ ಸಭೆ ಕರೆಯುವ ಉತ್ಸಾಹಿ. ಕೈಯಲ್ಲಿ ಒಂದು ಕಾಗದ.

"ಸಾರ್, ಇದೈ ಪಾರುಂಗ ಸಾರ್! ನಮ್ಮ ಸಂದುಕ್ಕು ಹಿಸ್ಟರಿ ಇರುಕ್ಕು ಸಾರ್!"

ವಿಷ್ಣುತೀರ್ಥರು ನೋಡಿದರು. ಅಕ್ಷರ ಅಕ್ಷರವೂ ಅವರದೇ ವಾಕ್ಯ. ಮೈಯೆಲ್ಲ ಜುಮ್ಮೆಂದಿತು.

"ಇದು ನಿನಗೆ ಎಲ್ಲಿ ಸಿಕ್ತಪ್ಪಾ?"

"ನಮ್ಮ ಆಫೀಸ್ ಕಂಪ್ಯೂಟರ್‌ಲ ಸಾರ್. ಅಣ್ಣಾ ನಗರ್ ಬ್ರಾಂಚ್."

"ನಮ್ಮ ಮನೆಯ ಕಂಪ್ಯೂಟರಿನಿಂದ ತೆಗೆದದ್ದಲ್ಲವಲ್ಲ?"

"ಉಂಗ ಮನೆ ಕಂಪ್ಯೂಟರ್ ಪಕ್ಕಂ ನಾನ್ ಬಂದದೇ ಇಲ್ಲೆಯೇ ಸಾರ್!"

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಒಂದು ಅನುಮಾನ ಹುಟ್ಟುತ್ತಿತ್ತು. ವಿಷ್ಣುತೀರ್ಥರಲ್ಲಿ ಭಕ್ತಿ ಹುಟ್ಟಿತು. ತಾವು ಬರೆದದ್ದು ಇದ್ದದ್ದು ಕೀಲ್ಪಾಕಿನ ಪೆಟ್ಟಿಗೆಯಲ್ಲಿ. ಇವನಿಗೆ ಸಿಕ್ಕಿದ್ದು ಅಣ್ಣಾ ನಗರದ ಪೆಟ್ಟಿಗೆಯಲ್ಲಿ. ಅಂದಮೇಲೆ ಭೀಮಣ್ಣ ಮೊದಲಿನಿಂದಲೂ ಇದ್ದ! ತಾವು ಊಹೆಯೆಂದುಕೊಂಡದ್ದು ಊಹೆಯಲ್ಲ, ಪೂರ್ವಜನ್ಮದ ನೆನಪೋ ದೇವರ ಪ್ರೇರಣೆಯೋ ಇರಬೇಕು. ಅವರು ದೇವರಮನೆಗೆ ಹೋಗಿ ಒಂದು ನಮಸ್ಕಾರ ಹಾಕಿ ಬಂದರು.

ಮುಂದಿನದೆಲ್ಲ ಸಂಘದ ಕೈಗೆ ಹೋಯಿತು. ಸಂದಿನ ಬಾಯಲ್ಲಿ ಬೋರ್ಡು ಎದ್ದಿತು. ತಮಿಳರ ಮಾಸಿ ತಿಂಗಳಲ್ಲಿ 'ಭೀಮಣ್ಣ ಅನ್ನದಾನಂ' ಎಂದು ಶಾಮಿಯಾನ ಹಾಕಿ ನಾನೂರು ಜನಕ್ಕೆ ಊಟ ಹಾಕಿದರು. ಕೌನ್ಸಿಲರ್ ಬಂದು, ಭೀಮಣ್ಣನವರ ಹಾದಿಯಲ್ಲೇ ತಾವೂ ನಡೆಯುತ್ತಿರುವುದಾಗಿ ಮೈಕಿನಲ್ಲಿ ಹೇಳಿ, ಸಂದಿನ ಚರಂಡಿಯನ್ನು ಆ ಹಾದಿಗಾಗಿಯೇ ರಿಪೇರಿ ಮಾಡಿಸುವ ಭರವಸೆ ಕೊಟ್ಟರು. ಬಡಾವಣೆಯ ವಾರಪತ್ರಿಕೆಯೊಂದರ ವರದಿಗಾರ ಬಂದು ಹಳೆಯ ನಿವಾಸಿಯೆಂದು ವಿಷ್ಣುತೀರ್ಥರನ್ನೇ ಕೇಳಿದ:

"ಭೀಮಣ್ಣ ನೋಡೋಕೆ ಹೇಗಿದ್ದರಂತೆ ಸಾರ್?"

"ಅಡುಗೆಯವರು ಅಂದಮೇಲೆ ಗಟ್ಟಿಮುಟ್ಟಾಗಿ ಇದ್ದಿರಬೇಕು. ಮೀಸೆಯೂ ಇದ್ದಿರಬೇಕು."

ಪತ್ರಿಕೆಯಲ್ಲಿ 'ಗಿರಿಜಾ ಮೀಸೆಯ ಭೀಮಣ್ಣ' ಎಂದು ಅಚ್ಚಾಯಿತು.

ಸುಮೇಧಾ ಇದನ್ನೆಲ್ಲ ಕಿವಿಗೇ ಹಾಕಿಕೊಳ್ಳಲಿಲ್ಲ. "ಸಂದಿನವರು ಸುಮ್ಮ ಏನೋ ಕಥೆ ಕಟ್ತಾರೆ. ಪ್ರೂಫ್ ಇಲ್ಲಾಮ ನಾನು ಬರೆಯಲ್ಲ" ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿ, ಪ್ರಬಂಧದಲ್ಲಿ ತಾನೇ ಹುಟ್ಟಿದ ಸಂದಿನ ಹೆಸರಿನ ಮುಂದೆ 'ಮೂಲ ತಿಳಿಯದು' ಎಂದೇ ಬರೆದಿದ್ದಳು. ಆದರೆ ಅದೇ ವರ್ಷದ ಕೊನೆಗೆ ಧಾರವಾಡದ ಪ್ರೊಫೆಸರ್ ಅಂದಾನಿಯವರು ಮದರಾಸಿನ ಕನ್ನಡಿಗರ ಇತಿಹಾಸವನ್ನು ಬರೆದು ಪ್ರಕಟಿಸಿದರು. ಇಟ್ಟಿಗೆಯಷ್ಟು ದಪ್ಪದ ಪುಸ್ತಕ, ರಟ್ಟಿನ ಹೊದಿಕೆ, ಬಂಗಾರದ ಅಕ್ಷರ. ಅದರಲ್ಲಿ ಭೀಮಣ್ಣ ಮೀಸೆಯ ಸಮೇತ ಎರಡು ಪ್ಯಾರಾ ನಿಂತಿದ್ದ. ಬೀದಿ ಹೇಳಿದಾಗ ನಂಬದವಳು ಪುಸ್ತಕ ಹೇಳಿದಾಗ ನಂಬಿದಳು. 'ಮೂಲ ತಿಳಿಯದು' ಎಂಬುದನ್ನು ಹೊಡೆದುಹಾಕಿ ಭೀಮಣ್ಣನನ್ನು ಕೂರಿಸಿ, ಅಡಿಟಿಪ್ಪಣಿಯಲ್ಲಿ ಅಂದಾನಿಯವರ ಹೆಸರು ಹಾಕಿ, ಪ್ರಬಂಧವನ್ನು ಯೂನಿವರ್ಸಿಟಿಗೆ ಒಪ್ಪಿಸಿ ಬಂದಳು.

ಒಪ್ಪಿಸಿದ ಸಂತೋಷಕ್ಕೆ ಜಯಲಕ್ಷ್ಮೀ ಬಿಸಿಬೇಳೆ ಅನ್ನ ಮಾಡಿದ್ದಳು. ವಿಷ್ಣುತೀರ್ಥರು ತುತ್ತು ಕಲಸುತ್ತ, "ಭೀಮಣ್ಣನ ವಿಷಯ ವಿಶ್ವಕೋಶದಲ್ಲೇ ಇತ್ತಲ್ಲಮ್ಮ, ಅದರ ಹೆಸರನ್ನೂ ಹಾಕಬಹುದಿತ್ತು" ಎಂದರು.

"ಅಯ್ಯೋ ಅಪ್ಪಾ, ನಮ್ಮ ಗೈಡ್ ಕೊಂದೇಬಿಡ್ತಾರೆ. ಅದನ್ನ ಮುಟ್ಟಲೇ ಕೂಡದು ಅಂತ ರೂಲ್. ಯಾರು ಬೇಕಾದ್ರೂ ಎಡಿಟ್ ಒತ್ತಿ ಏನು ಬೇಕಾದ್ರೂ ಬರೆಯಬಹುದು. ಸೇವ್ ಮಾಡಿದ್ರೆ ಅಷ್ಟೇ, ಲೋಕಕ್ಕೆಲ್ಲಾ ತೆರಿಯತ್ತೆ."

ವಿಷ್ಣುತೀರ್ಥರು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು.

"ಸೇವ್ ಮಾಡಿದ್ರೆ… ಈ ಪೆಟ್ಟಿಗೆಯೊಳಗೆ ತಾನೇ ಇರೋದು?"

"ಪೆಟ್ಟಿಗೆ ಏನಪ್ಪಾ ಪೆಟ್ಟಿಗೆ! ಅಮೆರಿಕಾದಲ್ಲಿ ಇರೋನಿಗೂ ಅದೇ ಪೇಜ್, ಅಣ್ಣಾ ನಗರದಲ್ಲಿ ಇರೋನಿಗೂ ಅದೇ ಪೇಜ್."

ಅಣ್ಣಾ ನಗರ ಎಂದದ್ದೇ ವಿಷ್ಣುತೀರ್ಥರಿಗೆ ಬಿಕ್ಕಳಿಕೆ ಹತ್ತಿಕೊಂಡಿತು. ಜಯಲಕ್ಷ್ಮೀ ಬೆನ್ನು ಗುದ್ದಿದಳು. ಬಿಕ್ಕಳಿಕೆಯ ನಡುವೆಯೇ ಅವರಿಗೆ ಎಲ್ಲ ಅರ್ಥವಾಯಿತು: ದೇವರ ಪ್ರೇರಣೆಯೂ ಇಲ್ಲ, ಪೂರ್ವಜನ್ಮವೂ ಇಲ್ಲ, ವಿಘ್ನೇಶ್ ತಂದ ಕಾಗದ, ಶಾಮಿಯಾನ, ಮೀಸೆ, ಇಟ್ಟಿಗೆ ಪುಸ್ತಕ, ಕೊನೆಗೆ ಮಗಳ ಪ್ರಬಂಧ, ಎಲ್ಲ ಹೊರಟದ್ದು ಇದೇ ಮನೆಯ ಕುರ್ಚಿಯಿಂದ.

ಮಗಳಿಗೆ ಹೇಳಲು ಧೈರ್ಯ ಬರಲಿಲ್ಲ. ಬದಲಿಗೆ ಅವರ ತಲೆಯಲ್ಲಿ ಒಂದು ಉಪಾಯ ಮೊಳೆಯಿತು. ಅಲ್ಲಿ ಬರೆದದ್ದು ಎಲ್ಲ ಕಡೆಗೂ ಹೋಯಿತು ತಾನೇ? ಹಾಗಾದರೆ ಅಲ್ಲಿ ಅಳಿಸಿದರೆ ಎಲ್ಲ ಕಡೆಯಿಂದಲೂ ಹೋಗಬೇಕು. ಅವರು ಸುಮೇಧಾ ಇಲ್ಲದ ಹೊತ್ತು ನೋಡಿ ಭೀಮಣ್ಣನನ್ನು ಅಳಿಸಿ, ಉಸಿರುಬಿಟ್ಟು, ಕಾಫಿ ಕುಡಿದು ಬಂದರು. ಭೀಮಣ್ಣ ಅಲ್ಲೇ ಇದ್ದ. ಮತ್ತೆ ಅಳಿಸಿದರು. ಮತ್ತೆ ಬಂದ. ಈ ಸಲ ಬಂದಾಗ ಅವನ ಬೆನ್ನಿಗೆ ಎರಡು ಆಧಾರಗಳೂ ಅಂಟಿಕೊಂಡಿದ್ದವು. ಒಂದು ವಾರಪತ್ರಿಕೆ, ಇನ್ನೊಂದು ಅಂದಾನಿಯವರ ಪುಸ್ತಕ. ಹಟ ಹಿಡಿದು ಮೂರನೆಯ ಸಲ ಅಳಿಸಿದಾಗ ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು. ಆಧಾರವುಳ್ಳ ಮಾಹಿತಿಯನ್ನು ನಾಶ ಮಾಡುತ್ತಿರುವ ನೀವು ವಿಧ್ವಂಸಕರು, ಹೀಗೇ ಮುಂದುವರಿದರೆ ನಿಮ್ಮನ್ನು ಹೊರಗೆ ಹಾಕಲಾಗುವುದು ಎಂದು ಅದರ ಒಕ್ಕಣೆ.

"ಏನ್ರೀ ಅದು, ವಿಧ್ವಂಸಕ ಅಂದ್ರೆ?" ಹಿಂದೆ ನಿಂತಿದ್ದ ಜಯಲಕ್ಷ್ಮೀ ಕೇಳಿದಳು.

"ಏನಿಲ್ಲ, ಹೊಸದೊಂದು ಪಾಲಿಸಿ" ಎಂದರು ವಿಷ್ಣುತೀರ್ಥರು.

ಎಚ್ಚರಿಕೆಯ ಕೆಳಗೆ ಸಹಿ ಇತ್ತು. ಅವರು ಅದನ್ನು 'ತಾಂಬರಂ ಟ್ರೂತ್' ಎಂದು ಓದಿಕೊಂಡು, ಸತ್ಯವೇ ಎದುರು ನಿಂತಿದೆಯೆಂದು ನಡುಗಿದರು. ಕನ್ನಡಕ ಹಾಕಿ ನೋಡಿದಾಗ ಅದು 'ತಾಂಬರಂ ಟೂತ್' ಆಗಿತ್ತು. ಆ ಹೆಸರಿನ ಮೇಲೆ ಒತ್ತಿದರೆ ಗಿರಿಧರ್ ಎಂಬ ದಂತವೈದ್ಯರ ಪರಿಚಯ ಬಂತು: ಪಶ್ಚಿಮ ತಾಂಬರಂನಲ್ಲಿ ಕ್ಲಿನಿಕ್ಕು, ಬಿಡುವಿನಲ್ಲಿ ಮದರಾಸಿನ ಊರುಕೇರಿಗಳ ಪುಟ ಕಾಯುವುದು ಹವ್ಯಾಸ. ವಿಷ್ಣುತೀರ್ಥರು ರಜೆ ಹಾಕಿ ಎಲೆಕ್ಟ್ರಿಕ್ ಟ್ರೇನು ಹತ್ತಿದರು.

ಕ್ಲಿನಿಕ್ಕಿನ ಹೆಣ್ಣುಮಗಳು ಟೋಕನ್ ಇಲ್ಲದೆ ಒಳಗೆ ಬಿಡಲಿಲ್ಲ. ಟೋಕನ್ ತೆಗೆದುಕೊಂಡದ್ದರಿಂದ ಒಳಗೆ ಹೋದವರು ನೇರವಾಗಿ ಕುರ್ಚಿಯಲ್ಲೇ ಮಲಗಬೇಕಾಯಿತು. ಗಿರಿಧರ್ ನಲವತ್ತರ ಆಸುಪಾಸಿನ ಮನುಷ್ಯ. ತಂದೆ ಮೈಸೂರಿನಿಂದ ರೈಲ್ವೆಗೆ ಬಂದವರಾದ್ದರಿಂದ ಮನೆಮಾತು ಕನ್ನಡ. ಬಾಯಿಗೆ ಕಟ್ಟಿದ ಬಟ್ಟೆಯ ಹಿಂದಿನಿಂದ, "ಬಾಯಿ ತೆಗೀರಿ ಸಾರ್" ಎಂದರು.

"ಡಾಕ್ಟರೇ, ನಾನು ಹಲ್ಲಿಗೆ ಬಂದದ್ದಲ್ಲ. ಭೀಮಣ್ಣನ ವಿಷಯಕ್ಕೆ…"

"ಭೀಮಣ್ಣ!" ಡಾಕ್ಟರ ಕಣ್ಣು ಅರಳಿತು. "ಹಾಗಾದ್ರೆ ನೀವೇನಾ ಆ ವಿಧ್ವಂಸಕರು? ಬಾಯಿ ತೆಗೀರಿ, ಮಾತಾಡೋಣ."

ಬಾಯಿ ತೆರೆದ ಮೇಲೆ ಮಾತಾಡಿದ್ದು ಡಾಕ್ಟರೊಬ್ಬರೇ. "ನೋಡಿ ಸಾರ್, ಭೀಮಣ್ಣನಿಗೆ ಎರಡು ಆಧಾರ ಇದೆ. ನಾನೇ ಹುಡುಕಿ ಹಾಕಿದ್ದು. ನೀವು ತೆಗೀತೀನಿ ಅಂದ್ರೆ ನಿಮ್ಮ ಹತ್ತಿರ ಏನು ಆಧಾರ ಇದೆ?"

"ಆ… ಆ… ಆನೇ!"

"ಆನೆಯಾ?"

ವಿಷ್ಣುತೀರ್ಥರು ಬಾಯೊಳಗಿನ ಕನ್ನಡಿಯನ್ನು ಪಕ್ಕಕ್ಕೆ ತಳ್ಳಿ ಕೂಗಿದರು: "ನಾನೇ! ಭೀಮಣ್ಣನ್ನ ಬರೆದವನು ನಾನೇ! ಅವನು ಹುಟ್ಟೇ ಇಲ್ಲ ಡಾಕ್ಟರೇ!"

"ಹಾಗಂತ ಯಾರು ಬೇಕಾದ್ರೂ ಹೇಳಬಹುದಲ್ಲ ಸಾರ್. ನಾಳೆ ಯಾರೋ ಬಂದು ತಾಂಬರಂ ಸ್ಟೇಷನ್ ಹುಟ್ಟೇ ಇಲ್ಲ ಅಂತಾರೆ, ತೆಗೆದುಬಿಡ್ಲಾ? ಅಚ್ಚಾದ ಆಧಾರ ಬೇಕು. ಬೈ ದ ಬೈ, ಈ ಬಲಗಡೆ ದವಡೆ ಹಲ್ಲು ಪೂರಾ ಹೋಗಿದೆ. ಮೇಲೆ ಗಟ್ಟಿಯಾಗಿ ಕಾಣತ್ತೆ, ಬುಡದಲ್ಲಿ ಏನೂ ಇಲ್ಲ. ಇವತ್ತೇ ತೆಗೆಯೋದು ಒಳ್ಳೇದು."

ವಿಷ್ಣುತೀರ್ಥರಿಗೆ ಬೇಡವೆನ್ನುವಷ್ಟು ವ್ಯವಧಾನ ಸಿಗಲಿಲ್ಲ. ಸೂಜಿ ಚುಚ್ಚಿತು, ಕೆನ್ನೆ ಮರಗಟ್ಟಿತು, ಹಲ್ಲು ಬಂತು. ಹತ್ತಿಯ ಉಂಡೆ ಕಚ್ಚಿಸಿ ಕೂರಿಸಿದ ಮೇಲೆ ಡಾಕ್ಟರಿಗೇ ಏನೋ ಅನ್ನಿಸಿತು. ಹಲ್ಲು ಕಳೆದುಕೊಂಡೂ ಈ ಮನುಷ್ಯ ಎದ್ದು ಹೋಗುತ್ತಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ಕೈಯಲ್ಲೇ 'ನಾನೇ, ನಾನೇ' ಎಂದು ಎದೆ ಮುಟ್ಟಿಕೊಳ್ಳುತ್ತಿದ್ದಾನೆ.

"ಒಂದ್ನಿಮಿಷ ಇರಿ" ಎಂದು ಅವರು ಮೇಜಿನ ಕಂಪ್ಯೂಟರ್ ತೆರೆದರು. "ಈ ಪುಟದಲ್ಲಿ ಯಾರು ಯಾವಾಗ ಏನು ಬರೆದ್ರು ಅನ್ನೋದು ಪೂರಾ ಉಳಿದಿರತ್ತೆ. ಅಳಿಸಿದ್ದೂ ಉಳಿದಿರತ್ತೆ. ಯಾರು ಬೇಕಾದ್ರೂ ನೋಡಬಹುದು, ನೋಡೋರು ಕಡಿಮೆ ಅಷ್ಟೆ. ನಾನೂ ನೋಡ್ಲಿಲ್ಲ ಅನ್ನಿ."

ನೋಡುತ್ತ ನೋಡುತ್ತ ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಭೀಮಣ್ಣ ಪುಟಕ್ಕೆ ಬಂದದ್ದು ಹಿಂದಿನ ವರ್ಷದ ನವೆಂಬರಿನಲ್ಲಿ. ವಾರಪತ್ರಿಕೆ ಬಂದದ್ದು ಅದಾದ ಮೇಲೆ, ಪುಸ್ತಕ ಬಂದದ್ದು ಅದಕ್ಕೂ ಮೇಲೆ.

"ಅಯ್ಯಯ್ಯೋ ಸಾರ್! ಪೇಪರ್‌ನವರು ಇಲ್ಲಿಂದ ತಗೊಂಡಿದಾರೆ, ಪ್ರೊಫೆಸರು ಪೇಪರ್‌ನಿಂದ ತಗೊಂಡಿದಾರೆ, ನಾನು ಪ್ರೊಫೆಸರಿಂದ ತಗೊಂಡು ತಿರುಗಾ ಇಲ್ಲಿಗೇ ತಂದು ಹಾಕಿದೀನಿ!" ಗಿರಿಧರ್ ಬಾಯಿಯ ಬಟ್ಟೆ ಕೆಳಗೆಳೆದು ಕೂತರು. "ಒಂದೇ ನೀರು ನಾಲ್ಕು ಕೊಳಾಯಲ್ಲಿ ಬಂದಿದೆ. ನಾನು ನಾಲ್ಕು ಬಾವಿ ಅಂದ್ಕೊಂಡೆ."

ವಿಷ್ಣುತೀರ್ಥರು ಹತ್ತಿಯ ಉಂಡೆಯ ಸಂದಿಯಿಂದ, ಮಗಳ ಪ್ರಬಂಧ ಎಂಬರ್ಥದ ಏನನ್ನೋ ಹೇಳಿದರು. ಡಾಕ್ಟರಿಗೆ ಹಾಗೂ ಹೀಗೂ ಅರ್ಥವಾಯಿತು.

"ಇವತ್ತೇ ಹೇಳಿಬಿಡಿ ಸಾರ್. ಪರೀಕ್ಷೆಯಲ್ಲಿ ಬೇರೆಯವರು ಹೇಳೋದಕ್ಕಿಂತ ಮನೆಯಲ್ಲಿ ನೀವು ಹೇಳೋದು ವಾಸಿ."

ಹೇಳಬೇಕೆಂದೇ ಅವರು ಮನೆ ಹೊಕ್ಕರು. ಆದರೆ ಸೊಟ್ಟಗಾದ ಮುಖ, ಜೊಲ್ಲು ಸುರಿಯುವ ಬಾಯಿ ನೋಡಿದ್ದೇ ತಡ, ಜಯಲಕ್ಷ್ಮೀ ಲಕ್ವ ಹೊಡೆದಿದೆಯೆಂದು ಕಿರುಚಿದಳು. ಅಕ್ಕಪಕ್ಕದವರೆಲ್ಲ ಓಡಿಬಂದರು. ವಿಘ್ನೇಶ್ ಆಟೋ ತರಲು ಓಡಿದ.

"ಬೀಬಣ್ಣ… ಇಯ್ಯ!" ಎಂದರು ವಿಷ್ಣುತೀರ್ಥರು.

"ಭೀಮಣ್ಣ ಇಲ್ಲೇ ಇದ್ದಾನಂತೆ!" ಪಕ್ಕದ ಮನೆಯವರು ಕೆನ್ನೆ ಕೆನ್ನೆ ಬಡಿದುಕೊಂಡು ಕರ್ಪೂರ ತರಲು ಹೋದರು.

"ಇಯ್ಯ! ಇಯ್ಯವೇ ಇಯ್ಯ!"

"ಮೈಮೇಲೆ ಬಂದುಬಿಟ್ಟಿದಾನೆ ಕಣ್ರೀ" ಎಂದು ಜಯಲಕ್ಷ್ಮೀ ಅತ್ತಳು.

ಅಷ್ಟರಲ್ಲಿ ಸುಮೇಧಾ ಬಂದಳು. ವಿಷ್ಣುತೀರ್ಥರು ಕರ್ಪೂರದ ತಟ್ಟೆಯನ್ನು ಸರಿಸಿ, ಮಗಳ ಕೈಹಿಡಿದು ಕಂಪ್ಯೂಟರಿನವರೆಗೆ ಎಳೆದೊಯ್ದು, ಡಾಕ್ಟರು ತೋರಿಸಿದ ಪುಟವನ್ನು ತೆರೆದು, ಭೀಮಣ್ಣ ಮೊದಲು ಬಂದ ಸಾಲಿನ ಮೇಲೆ ಬೆರಳಿಟ್ಟು, ಆ ಬೆರಳನ್ನೇ ತಿರುಗಿಸಿ ತಮ್ಮ ಎದೆಗೆ ಇಟ್ಟುಕೊಂಡರು. ಸುಮೇಧಾ ಪರದೆಯ ಮೇಲಿನ ತಾರೀಖನ್ನೂ ಸಾಲನ್ನೂ ಓದಿದಳು.

"ಅಪ್ಪಾ, ನೀನಾ?"

ವಿಷ್ಣುತೀರ್ಥರು ತಲೆಯಾಡಿಸಿದರು. ಅವಳು ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಲ್ಕು ವರ್ಷದ ದುಡಿಮೆ. ಅವಳ ಪ್ರಬಂಧವನ್ನು ಪರೀಕ್ಷಿಸಲು ಯೂನಿವರ್ಸಿಟಿ ಹೊರಗಿನಿಂದ ಕರೆಸಿದ್ದವರು ಬೇರೆ ಯಾರೂ ಅಲ್ಲ, ಅಂದಾನಿಯವರೇ. ಸುಮೇಧಾ ಊಟಕ್ಕೂ ಏಳಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ ಅವಳ ಮುಖದಲ್ಲಿ ಸಿಟ್ಟಿನ ಪಕ್ಕದಲ್ಲೇ ಬೇರೇನೋ ಇತ್ತು.

"ಅಪ್ಪಾ, ಒಂದು ಡೌಟು. ನೀನು ಬರೆದದ್ದರಲ್ಲಿ ಮೀಸೆ ಇಲ್ಲ. ಮೀಸೆ ಎಲ್ಲಿಂದ ಬಂತು?"

ಜನವರಿಯಲ್ಲಿ ವೈವಾ ನಡೆಯಿತು. ಯಾರು ಬೇಕಾದರೂ ಬಂದು ಕೂರಬಹುದಾದ ಸಭೆಯದು. ಆದ್ದರಿಂದ ಅಂಡಾ ಸಂದಿಗೆ ಸಂದೇ ಬಂದು ಹಿಂದಿನ ಸಾಲುಗಳಲ್ಲಿ ಕೂತಿತ್ತು. ಕೃಷ್ಣಮೂರ್ತಿಯೂ ಬಂದಿದ್ದರು. ಸುಮೇಧಾ ಎದ್ದು ನಿಂತು ಮೊದಲು ಹೇಳಿದ್ದೇ ತನ್ನ ತಪ್ಪನ್ನು: ಅಂಡಾ ಸಂದಿನ ಭೀಮಣ್ಣನಿಗೆ ಆಧಾರವಿಲ್ಲ, ಅವನನ್ನು ಪ್ರಬಂಧದಿಂದ ತೆಗೆಯಲು ಅಪ್ಪಣೆ ಬೇಕು.

ಇಂಗ್ಲಿಷಿನಲ್ಲಿ ನಡೆಯಬೇಕಿದ್ದ ಸಭೆಯಲ್ಲಿ ಅಂದಾನಿಯವರು ಗಾಬರಿಗೆ ಕನ್ನಡಕ್ಕೇ ಇಳಿದರು. "ಆಧಾರ ಇಲ್ಲಂದ್ರ ಹೆಂಗವಾ? ನನ್ನ ಪುಸ್ತಕದಾಗ ಐತಲ್ಲ!"

"ಸರ್, ತಾವು ಎಲ್ಲಿಂದ ತಗೊಂಡಿರಿ?"

"ಪೇಪರಿನ್ಯಾಗ ಬಂದಿತ್ತು."

"ಪೇಪರಿನವರನ್ನ ನಾನು ಹೋಗಿ ಕೇಳಿದೆ ಸರ್. ಕಂಪ್ಯೂಟರಿನಲ್ಲಿ ಇತ್ತು ಅಂದರು."

"ಕಂಪ್ಯೂಟರಿನ್ಯಾಗ ಯಾಂವ ಹಾಕಿದ?"

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ವಿಷ್ಣುತೀರ್ಥರು ಎದ್ದು ನಿಂತಿದ್ದರು. "ನಾನು ಸರ್. ಅಡುಗೆಯವನಿಗೆ ಭೀಮ ಅಂತಲ್ಲದೆ ಇನ್ನೇನು ಹೆಸರಿಡೋದು ಅಂತ…"

ಸಭೆಗೆ ಸಭೆಯೇ ತಿರುಗಿ ಅವರನ್ನು ನೋಡಿತು. ಕೃಷ್ಣಮೂರ್ತಿ ಮಾತ್ರ "ಹಾಗಾದ್ರೆ ಮೊಟ್ಟೇನೇ!" ಎಂದು ಅರ್ಧ ಎದ್ದವರು ಜಯಲಕ್ಷ್ಮೀ ನೋಡಿದ ನೋಟಕ್ಕೆ ಕೂತುಬಿಟ್ಟರು. ಅಂದಾನಿಯವರು ತಮ್ಮ ಇಟ್ಟಿಗೆ ಪುಸ್ತಕವನ್ನು ತೆರೆದು ಆ ಎರಡು ಪ್ಯಾರಾಗಳನ್ನು ಓದಿದರು. ಅವರ ಮುಖ ಕೆಂಪಗಾಯಿತು, ಬೆಳ್ಳಗಾಯಿತು. ಸುಮೇಧಾಳ ಗೈಡ್ ನೀರಿನ ಲೋಟ ಅವರತ್ತ ಸರಿಸಿದರು. ಕಡೆಗೆ ಪ್ರೊಫೆಸರ ಭುಜ ಅಲುಗತೊಡಗಿತು, ನೋಡಿದರೆ ನಗುತ್ತಿದ್ದಾರೆ.

"ನಾಲ್ಕ ಮಂದಿ ಸಾಕ್ಷಿ ಅಂತ ತಿಳಕೊಂಡಿದ್ದೆ. ಒಬ್ಬಾಂವನ ನಾಲ್ಕ ಸಲ ಅಂಗಿ ಬದಲಿಸಿ ಬಂದ್ಹೋಗ್ಯಾನ." ಕಣ್ಣೊರೆಸಿಕೊಂಡು ಅವರು ಗಂಭೀರರಾದರು. "ಈಗ ನಾ ಕೇಳತೀನಿ, ನೀ ಹೇಳು. ಯಾರ ಬೇಕಾದವ್ರು ಬರೆಯೋ ಆ ವಿಶ್ವಕೋಶ ನಂಬಬೇಕೋ, ಬ್ಯಾಡೋ?"

"ಇಲ್ಲದ ಭೀಮಣ್ಣ ಅಲ್ಲಿ ಒಂದು ವರ್ಷ ಇದ್ದ ಸರ್. ಹಾಗಾಗಿ ಅಲ್ಲಿಗೇ ನಿಲ್ಲೋ ಹಾಗಿಲ್ಲ. ಆದರೆ ಅವನು ಯಾವತ್ತು ಹುಟ್ಟಿದ ಅಂತ ಕೊನೆಗೆ ತೋರಿಸಿದ್ದೂ ಅದೊಂದೇ. ಪೇಪರು ತೋರಿಸಲಿಲ್ಲ." ಅವಳು ಇಟ್ಟಿಗೆ ಪುಸ್ತಕದತ್ತ ನೋಡಿದಳು. "ಪುಸ್ತಕಾನೂ ತೋರಿಸಲಿಲ್ಲ, ಕ್ಷಮಿಸಬೇಕು. ನಾವು ಅಚ್ಚಿನಲ್ಲಿದೆ ಅಂತ ಕೇಳೋದನ್ನೇ ನಿಲ್ಲಿಸಿಬಿಟ್ಟೆವು."

ಅಂದಾನಿಯವರು ಕಿಸೆಯಿಂದ ಪೆನ್ನು ತೆಗೆದು ಎಲ್ಲರೆದುರಿಗೇ ತಮ್ಮ ಪುಸ್ತಕದ ಆ ಎರಡು ಪ್ಯಾರಾಗಳ ಮೇಲೆ ಗೀಟು ಎಳೆದರು. ಆಮೇಲೆ ಅದೇ ಪೆನ್ನಿನಿಂದ ಸುಮೇಧಾಳ ಪದವಿಗೆ ಶಿಫಾರಸು ಬರೆದು ಸಹಿ ಮಾಡಿದರು. ಆ ಸಂಜೆಯೇ ಗಿರಿಧರ್ ವಿಶ್ವಕೋಶದಲ್ಲಿ 'ಹೆಸರಿನ ಮೂಲ ತಿಳಿಯದು' ಎಂದು ತಿದ್ದಿದರು.

ಎಲ್ಲ ಕಡೆಯಿಂದ ಹೋದ ಭೀಮಣ್ಣ ಅಂಡಾ ಸಂದಿನಿಂದ ಮಾತ್ರ ಹೋಗಲಿಲ್ಲ. "ಪಂದಲ್‌ಗೆ ಅಡ್ವಾನ್ಸ್ ಕೊಟ್ಟಾಚು ಸಾರ್" ಎಂದ ವಿಘ್ನೇಶ್. ಭೀಮಣ್ಣ ಇರಲಿ ಬಿಡಲಿ, ಮಾಸಿಯಲ್ಲಿ ಅನ್ನದಾನ ಆಗಲೇಬೇಕೆಂದು ಸಂಘ ತೀರ್ಮಾನಿಸಿತು. ಬ್ಯಾನರಿನಲ್ಲಿ ಭೀಮಣ್ಣನ ಹೆಸರೂ ಚಿತ್ರವೂ ಇದ್ದ ಜಾಗಕ್ಕೆ ಹೂವಿನ ಹಾರ ಮುಚ್ಚಿದರು. ಮೀಸೆ ಹಾರದ ಕೆಳಗಿಂದ ಸ್ವಲ್ಪ ಇಣುಕುತ್ತಿತ್ತು.

ಊಟ ನಡೆಯುತ್ತಿರುವಾಗ ಮಹಡಿ ಮನೆಯಿಂದ ವೆಂಕಟಲಕ್ಷ್ಮಿ ಪಾಟಿಯನ್ನು ಕುರ್ಚಿಯ ಸಮೇತ ಇಬ್ಬರು ಇಳಿಸಿ ತಂದರು. ವಿಘ್ನೇಶನ ಅಜ್ಜಿ ಅವರು; ಮಂಡಿ ನೋವಿನಿಂದ ವರ್ಷಗಟ್ಟಲೆ ಕೆಳಗಿಳಿದಿರಲಿಲ್ಲ. ಈ ಗದ್ದಲವೆಲ್ಲ ನಡೆದಾಗ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಪಾಟಿ ಬ್ಯಾನರನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಯಾರುಡಾ ಇಂದ ಮೀಸೆಕ್ಕಾರನ್?"

"ಗಂಜಿ ಹಾಕಿದವರು ಅಂದ್ಕೊಂಡಿದ್ದೆವು ಪಾಟಿ. ಇಲ್ಲವಂತೆ" ಎಂದರು ವಿಷ್ಣುತೀರ್ಥರು ತಮಿಳಿನಲ್ಲಿ, ಎಲೆಯಿಂದ ತಲೆಯೆತ್ತದೆ.

"ಗಂಜಿ ಹಾಕಿದ್ದು ಗಂಡಸಲ್ಲಪ್ಪಾ, ಹೆಂಗಸು."

ವಿಷ್ಣುತೀರ್ಥರು ಎಲೆಯಿಂದ ತಲೆಯೆತ್ತಿದರು.

ಪಾಟಿ ನಿಧಾನವಾಗಿ ಹೇಳಿದರು. ಜಪಾನಿನವನು ಬಾಂಬು ಹಾಕುತ್ತಾನೆಂದು ಮದರಾಸಿಗೆ ಮದರಾಸೇ ಖಾಲಿಯಾದ ವರ್ಷ ಅವರು ಲಂಗ ಉಟ್ಟ ಹುಡುಗಿ. ಅಮ್ಮ ಬಾಣಂತಿಯಾದ್ದರಿಂದ ಅವರ ಮನೆಯವರು ಊರು ಬಿಡಲಾಗಲಿಲ್ಲ. ಅಂಗಡಿಗಳು ಮುಚ್ಚಿದ್ದವು. ಆಗ ಈ ಮೂಲೆಯಲ್ಲಿದ್ದ ಹೆಂಚಿನ ಮನೆಯಲ್ಲಿ ಒಬ್ಬ ಹೆಂಗಸು ದಿನವೂ ದೊಡ್ಡ ಅಂಡಾದಲ್ಲಿ ಗಂಜಿ ಕಾಯಿಸಿ, ಹೋಗಲಾಗದೆ ಉಳಿದವರಿಗೆಲ್ಲ ಹಾಕುತ್ತಿದ್ದಳು. ಅವಳ ಹೆಸರು ಮಕ್ಕಳಿಗೆ ಗೊತ್ತಿರಲಿಲ್ಲ. ಬಡಿಸುವಾಗ ಅವಳು ಏನೋ ಒಂದು ಮಾತು ಕೇಳುತ್ತಿದ್ದಳು; ಅದು ತಮಿಳಲ್ಲ. ಆ ಮಾತನ್ನೇ ಅವಳಿಗೆ ಹೆಸರಾಗಿ ಇಟ್ಟಿದ್ದರು.

"ಏನು ಮಾತು ಪಾಟಿ?"

"ಸಾಕಾ. ಸೌಟು ಎತ್ತಿ 'ಸಾಕಾ? ಸಾಕಾ?' ಅನ್ನೋಳು. ಸಾಕಾ ಪಾಟಿ ಅಂತಲೇ ನಾವು ಕೂಗೋದು. ಅದಕ್ಕೆ ಅರ್ಥ ಏನೋ ಇವತ್ತಿಗೂ ನನಗೆ ಗೊತ್ತಿಲ್ಲ."

ವಿಷ್ಣುತೀರ್ಥರಿಗೆ ಗೊತ್ತಿತ್ತು. ಪಕ್ಕದಲ್ಲಿ ಪಲ್ಯ ಬಡಿಸುತ್ತಿದ್ದ ಜಯಲಕ್ಷ್ಮೀಗೂ ಗೊತ್ತಿತ್ತು; ಅವಳು ಆಗಷ್ಟೇ ಅದೇ ಮಾತನ್ನು ಯಾರಿಗೋ ಕೇಳಿ ಬಂದಿದ್ದಳು. ಅವಳ ಕೈಯ ಬಕೆಟ್ಟು ಅಲ್ಲೇ ನೆಲಕ್ಕಿಳಿಯಿತು.

ಒಂದು ವರ್ಷದ ಹಿಂದೆಯಾಗಿದ್ದರೆ ವಿಷ್ಣುತೀರ್ಥರು ಕೈಯನ್ನೂ ತೊಳೆಯದೆ ಕಂಪ್ಯೂಟರಿನತ್ತ ಓಡುತ್ತಿದ್ದರು. ಈಗ ಅವರು ಎಂಜಲು ಕೈಯಲ್ಲೇ ಎದ್ದು, ಪಂಕ್ತಿಯ ಆ ತುದಿಯಲ್ಲಿದ್ದ ಮಗಳನ್ನು ಕರೆದರು. ಸುಮೇಧಾ ಪಾಯಸ ಬಿಟ್ಟು ಬಂದು ಪಾಟಿಯ ಕಾಲ ಬಳಿ ನೆಲದ ಮೇಲೆ ಕೂತಳು. ಎಲ್ಲವನ್ನೂ ಮೊದಲಿಂದ ಹೇಳಿಸಿಕೊಂಡಳು. ಕೇಳಿ ಮುಗಿದ ಮೇಲೂ ಅವಳ ಮುಖದಲ್ಲಿ ಸಂತೋಷಕ್ಕಿಂತ ಎಚ್ಚರವೇ ಹೆಚ್ಚಾಗಿತ್ತು.

"ಪಾಟಿ, ಬೇಜಾರು ಮಾಡ್ಕೊಬೇಡಿ. ಇದು ಯಾರೋ ಹೇಳಿ ನೀವು ಕೇಳಿದ್ದಾ, ನೀವೇ ಕಣ್ಣಾರೆ ನೋಡಿದ್ದಾ?"

ಪಾಟಿ ಅವಳನ್ನು ಪೆದ್ದು ಹುಡುಗಿಯನ್ನು ನೋಡುವಂತೆ ನೋಡಿದರು.

"ಕೇಳಿದ್ದೂ ಅಲ್ಲ, ನೋಡಿದ್ದೂ ಅಲ್ಲಡೀ," ಎಂದು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. "ಉಂಡದ್ದು."